ಸಕ್ಕರೆ ಎಲ್ಲಿಗೆ ಹೋಯಿತು?

ಪೆಟ್-ಸಿಟಿ ಸ್ಕ್ಯಾನ್ ಮಾಡಿಸಿ ಬಂದವರ ಕೈಯಲ್ಲಿ ಒಂದು ದೊಡ್ಡ ಲಕೋಟೆ ಇರುತ್ತದೆ. ಅದರೊಳಗೆ ಎರಡು ಮೂರು ಪುಟದ ರಿಪೋರ್ಟು, ಒಂದು ಸಿ.ಡಿ., ಹೊಳಪು ಕಾಗದದ ಮೇಲೆ ಅಚ್ಚಾದ ಕೆಲವು ಚಿತ್ರಗಳು. ಮನೆಯವರ ಕಣ್ಣು ಮೊದಲು ಹೋಗುವುದು ಚಿತ್ರಗಳ ಕಡೆಗೆ. ಬೂದುಬಣ್ಣದ ಮೈಯ ಆಕೃತಿ, ಅದರ ಮೇಲೆ ಅಲ್ಲಲ್ಲಿ ಕೆಂಡದಂಥ ಕಲೆಗಳು. ತಲೆಯಂತೂ ಇಡಿಯಾಗಿ ಉರಿಯುತ್ತಿರುವಂತೆ ಕಾಣುತ್ತದೆ. ಎದೆಯ ಎಡಭಾಗದಲ್ಲಿ ಒಂದು ಕೆಂಡ, ಕಿಬ್ಬೊಟ್ಟೆಯಲ್ಲಿ ಇನ್ನೊಂದು. ‘ಇಷ್ಟೆಲ್ಲ ಕಡೆ ಹಬ್ಬಿದೆಯಾ?’ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಹಾಗೆ ಕೇಳುವಾಗ ಅವರ ಬೆರಳು ಎಷ್ಟೋ ಸಲ ರೋಗಿಯ ಆರೋಗ್ಯವಂತ ಮಿದುಳಿನ ಮೇಲೆ, ಹೃದಯದ ಮೇಲೆ ಅಥವಾ ಮೂತ್ರಕೋಶದ ಮೇಲೆ ಇರುತ್ತದೆ. ತಪ್ಪು ಅವರದಲ್ಲ. ಈ ಯಂತ್ರ ಕ್ಯಾನ್ಸರನ್ನು ಹುಡುಕಿ ತೋರಿಸುತ್ತದೆ ಎಂದೇ ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ನಿಜವಾಗಿ ಅದಕ್ಕೆ ಕ್ಯಾನ್ಸರ್ ಎಂದರೇನೆಂದೇ ತಿಳಿಯದು. ಅದಕ್ಕೆ ಗೊತ್ತಿರುವುದು ಒಂದೇ ಪ್ರಶ್ನೆಯ ಉತ್ತರ: ಒಂದು ಗಂಟೆಯ ಹಿಂದೆ ರಕ್ತಕ್ಕೆ ಬಿಟ್ಟ ಸಕ್ಕರೆ ಮೈಯಲ್ಲಿ ಎಲ್ಲೆಲ್ಲಿ ಹೋಗಿ ಕೂತಿತು? ಆ ಉತ್ತರದಿಂದ ಕ್ಯಾನ್ಸರಿನವರೆಗಿನ ದಾರಿಯನ್ನು ಮನುಷ್ಯರು ತರ್ಕದಿಂದ ಕ್ರಮಿಸಬೇಕು. ಯಾವ ಪ್ರಶ್ನೆ ಇಟ್ಟುಕೊಂಡು ಸ್ಕ್ಯಾನಿಗೆ ಹೋಗುತ್ತೇವೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಒಳ್ಳೆಯ ಪ್ರಶ್ನೆ ಇದ್ದರೆ ಈ ಯಂತ್ರ ಅನಗತ್ಯ ಆಪರೇಷನ್ ತಪ್ಪಿಸುತ್ತದೆ, ಕಿಮೋದ ಭಾರ ಇಳಿಸುತ್ತದೆ. ಪ್ರಶ್ನೆಯೇ ಇಲ್ಲದೆ ಹೋದರೆ ಹೊಸ ಚಿಂತೆಗಳನ್ನು ಹೊತ್ತು ತರುತ್ತದೆ.

ಮೊದಲು ಸಕ್ಕರೆಯ ವಿಷಯ. 1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಜೀವರಸಾಯನ ವಿಜ್ಞಾನಿ ಆಟೋ ವಾರ್‌ಬರ್ಗ್ ಒಂದು ವಿಚಿತ್ರವನ್ನು ಗಮನಿಸಿದರು. ಗಡ್ಡೆಯ ಜೀವಕೋಶಗಳು ಸಾಮಾನ್ಯ ಜೀವಕೋಶಗಳಿಗಿಂತ ಬಹಳ ಹೆಚ್ಚು ಗ್ಲೂಕೋಸ್ ಎಳೆದುಕೊಳ್ಳುತ್ತವೆ; ಬೇಕಾದಷ್ಟು ಆಮ್ಲಜನಕ ಇದ್ದರೂ ಅದನ್ನು ಪೂರ್ತಿ ಉರಿಸದೆ ಅರ್ಧದಲ್ಲೇ ಲ್ಯಾಕ್ಟಿಕ್ ಆಮ್ಲವಾಗಿಸಿ ಹೊರಚೆಲ್ಲುತ್ತವೆ. ಹಸಿ ಸೌದೆಯ ಒಲೆಯ ಹಾಗೆ, ಖರ್ಚು ಜಾಸ್ತಿ, ಕಾವು ಕಮ್ಮಿ. ಜೀವಕೋಶದ ಉಸಿರಾಟದ ವ್ಯವಸ್ಥೆಯೇ ಕೆಟ್ಟಿರುವುದರಿಂದ ಹೀಗಾಗುತ್ತದೆ ಎಂದು ವಾರ್‌ಬರ್ಗ್ ಕೊಟ್ಟ ವಿವರಣೆ ಬಹುಪಾಲು ತಪ್ಪೆಂದು ಮುಂದೆ ಗೊತ್ತಾಯಿತು. ಅವರು ಕಂಡದ್ದು ಮಾತ್ರ ಉಳಿಯಿತು. ಅರ್ಧ ಶತಮಾನದ ನಂತರ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದವರು ಗ್ಲೂಕೋಸಿನಂತೆಯೇ ಇರುವ ಒಂದು ಅಣುವಿಗೆ ವಿಕಿರಣ ಸೂಸುವ ಫ್ಲೋರಿನ್-18 ಅನ್ನು ಅಂಟಿಸಿ, ಫ್ಲೋರೋಡಿಆಕ್ಸಿಗ್ಲೂಕೋಸ್ ಎಂಬ ವಸ್ತು ತಯಾರಿಸಿದರು. ಆಸ್ಪತ್ರೆಗಳಲ್ಲಿ ಇದನ್ನು ಎಫ್‌ಡಿಜಿ ಎಂದು ಕರೆಯುತ್ತಾರೆ. 1976ರಲ್ಲಿ ಅದನ್ನು ಸಣ್ಣ ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಒಯ್ದು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಚುಚ್ಚಿದರು. ಅವರಿಗೆ ನೋಡಬೇಕಾಗಿದ್ದದ್ದು ಮಿದುಳನ್ನು. ಕ್ಯಾನ್ಸರಿಗೆ ಇದರ ಉಪಯೋಗ ಆಮೇಲೆ ಬಂದದ್ದು. ಜೀವಕೋಶ ಈ ನಕಲಿ ಸಕ್ಕರೆಯನ್ನು ಅಸಲಿ ಎಂದೇ ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ, ಮೊದಲ ಹಂತದ ಸಂಸ್ಕಾರವನ್ನೂ ಮಾಡುತ್ತದೆ. ಎರಡನೆಯ ಹಂತದಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಅಡುಗೆಮನೆಗೂ ಹೋಗಲಾರದೆ ಬಂದ ಬಾಗಿಲಿಂದ ಹೊರಗೂ ನಡೆಯಲಾರದೆ ಪಡಸಾಲೆಯಲ್ಲೇ ಕೂತುಬಿಟ್ಟ ನೆಂಟನ ಹಾಗೆ. ಹಸಿದ ಜೀವಕೋಶಗಳಲ್ಲಿ ಇಂಥ ನೆಂಟರು ಹೆಚ್ಚು ಜಮಾಯಿಸುತ್ತಾರೆ. ಫ್ಲೋರಿನ್-18 ಕ್ಷಯಿಸುವಾಗ ಹೊರಬೀಳುವ ಪಾಸಿಟ್ರಾನ್ ಎಂಬ ಕಣ ಮಿಲಿಮೀಟರಿನಷ್ಟು ದೂರ ಹೋಗುವುದರೊಳಗೆ ಒಂದು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಎರಡೂ ಇಲ್ಲವಾಗಿ, ಅವುಗಳ ಜಾಗದಲ್ಲಿ ಎರಡು ಗಾಮಾ ಕಿರಣಗಳು ಒಂದಕ್ಕೊಂದು ನೇರ ವಿರುದ್ಧ ದಿಕ್ಕಿನಲ್ಲಿ ಚಿಮ್ಮುತ್ತವೆ. ರೋಗಿಯ ಸುತ್ತ ಬಳೆಯಂತೆ ಕೂರಿಸಿದ ಡಿಟೆಕ್ಟರುಗಳು ಒಂದೇ ಕ್ಷಣದಲ್ಲಿ ಎದುರುಬದುರು ಬಂದ ಈ ಜೋಡಿಗಳನ್ನು ಹಿಡಿಯುತ್ತವೆ. ಅಂಥ ಅಸಂಖ್ಯ ಗೆರೆಗಳು ಎಲ್ಲಿ ಹೆಚ್ಚಾಗಿ ಕೂಡುತ್ತವೋ ಅಲ್ಲಿ ಸಕ್ಕರೆ ಹೆಚ್ಚಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಆದರೆ ಬರೀ ಪೆಟ್ ಚಿತ್ರವೆಂದರೆ ಅಮಾವಾಸ್ಯೆಯ ರಾತ್ರಿ ಗುಡ್ಡದ ಮೇಲಿಂದ ಊರು ನೋಡಿದ ಹಾಗೆ. ದೀಪ ಕಾಣುತ್ತದೆ, ಯಾರ ಮನೆಯದೆಂದು ಹೇಳಲಾಗದು. ಬೀದಿ, ಗೋಡೆ, ಬಾಗಿಲು ತೋರಿಸಲು ಸಿಟಿ ಬೇಕು. ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾಗಿದ್ದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಸಿಟಿ ಯಂತ್ರದಲ್ಲಿ ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು. ಎಕ್ಸ್‌ರೇಯಿಂದ ಮೈಯನ್ನು ಸೌತೆಕಾಯಿ ಬಿಲ್ಲೆಗಳಂತೆ ಪದರಪದರವಾಗಿ ತೋರಿಸುವ ಈ ವಿದ್ಯೆಗೆ 1979ರ ನೊಬೆಲ್ ಬಹುಮಾನ ಬಂತು. ಆದರೂ ಸುಮಾರು ಎರಡು ದಶಕಗಳ ಕಾಲ ವೈದ್ಯರು ಪೆಟ್ ಫಿಲ್ಮನ್ನೂ ಸಿಟಿ ಫಿಲ್ಮನ್ನೂ ಪಕ್ಕಪಕ್ಕ ತೂಗುಹಾಕಿ, ಇದು ಅದರ ಮೇಲೆ ಎಲ್ಲಿ ಕೂರುತ್ತದೆ ಎಂದು ಕಣ್ಣಂದಾಜಿನಲ್ಲೇ ಹೊಂದಿಸಬೇಕಾಗಿತ್ತು. ಡೇವಿಡ್ ಟೌನ್‌ಸೆಂಡ್ ಮತ್ತು ರೊನಾಲ್ಡ್ ನಟ್ ಎಂಬಿಬ್ಬರು ಎರಡೂ ಯಂತ್ರಗಳನ್ನು ಒಂದೇ ಮಂಚದ ದಾರಿಯಲ್ಲಿ ಒಂದರ ಹಿಂದೊಂದು ಇಟ್ಟರು. ಅದರ ಮೊದಲ ಮಾದರಿ 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಶುರುಮಾಡಿತು. ಹೇಳಿದರೆ ಇಷ್ಟೇನಾ ಅನಿಸುವ ಉಪಾಯ. ಆದರೆ ದೀಪದ ಕೆಳಗೆ ಮನೆಯ ನಂಬರು ಬಂದದ್ದು ಆಗಲೇ.

ಈ ಸಕ್ಕರೆಯನ್ನು ಅಂಗಡಿಯಲ್ಲಿ ದಾಸ್ತಾನು ಇಡಲಾಗದು. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇರುವ ಕಡೆಯಿಂದ ನಸುಕಿನ ನಾಲ್ಕು ಗಂಟೆಗೆ 100 ಪಾಲು ಹೊರಟರೆ 5.50ಕ್ಕೆ 50 ಉಳಿಯುತ್ತದೆ, 7.40ಕ್ಕೆ 25, ಒಂಬತ್ತೂವರೆಗೆ ಹನ್ನೆರಡೂವರೆ. ಸೀಸದ ಡಬ್ಬಿಯಲ್ಲಿ ಕೂತು ರಸ್ತೆಯಲ್ಲೋ ವಿಮಾನದಲ್ಲೋ ಬರುವ ಮದ್ದು ದಾರಿಯಲ್ಲೇ ಕರಗುತ್ತಿರುತ್ತದೆ. ಭಾರತದಲ್ಲಿ ವೈದ್ಯಕೀಯ ಸೈಕ್ಲೋಟ್ರಾನ್ ಮೊದಲು ಬಂದದ್ದು 2002ರಲ್ಲಿ, ಮುಂಬೈಯ ರೇಡಿಯೇಷನ್ ಮೆಡಿಸಿನ್ ಸೆಂಟರಿಗೆ. ಈಗ ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಅವು ಇವೆ. ಹಾಗಿದ್ದೂ ಈ ಸ್ಕ್ಯಾನ್ ದೊಡ್ಡ ಊರುಗಳನ್ನು ಬಿಟ್ಟು ತಾಲ್ಲೂಕಿಗೆ ಇಳಿಯಲಿಲ್ಲವೆಂದರೆ ಯಂತ್ರದ ಬೆಲೆಯಷ್ಟೇ ಈ ಗಡಿಯಾರವೂ ಕಾರಣ. ರೋಗಿಗೆ ಕೊಟ್ಟ ಸಮಯಕ್ಕೆ ಸರಿಯಾಗಿ ಬನ್ನಿ ಎಂದು ಸಿಬ್ಬಂದಿ ಗದರುವುದೂ ಇದಕ್ಕೇ. ನಾಲ್ಕರಿಂದ ಆರು ಗಂಟೆ ಉಪವಾಸ ಇರಬೇಕು, ನೀರು ಕುಡಿಯಬಹುದು. ಹೋದ ಕೂಡಲೇ ಬೆರಳು ಚುಚ್ಚಿ ಸಕ್ಕರೆ ಮಟ್ಟ ನೋಡುತ್ತಾರೆ. ಅದು 200 ಮಿಲಿಗ್ರಾಂ ದಾಟಿದ್ದರೆ ಅಸಲಿ ಗ್ಲೂಕೋಸೇ ಬಾಗಿಲಲ್ಲಿ ಸಾಲುಗಟ್ಟಿ ನಕಲಿಗೆ ಜಾಗ ಸಿಗುವುದಿಲ್ಲ. ಹಾಗಾಗಿ ಮಧುಮೇಹದವರು ಮಾತ್ರೆ, ಇನ್ಸುಲಿನ್ ವಿಷಯವನ್ನು ಮೊದಲೇ ಕೇಳಿಕೊಳ್ಳಬೇಕು. ಮೆಟ್‌ಫಾರ್ಮಿನ್ ಮಾತ್ರೆಯೊಂದೇ ಕರುಳನ್ನು ಇಡಿಯಾಗಿ ಹೊಳೆಯುವಂತೆ ಮಾಡಬಲ್ಲದು. ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ಗಂಟೆ ಬೆಚ್ಚಗೆ ಹೊದ್ದು, ಮಾತಾಡದೆ ಮಲಗಿರಬೇಕು. ಆಗ ಫೋನಿನಲ್ಲಿ ಹರಟಿದರೆ ಗಂಟಲಿನ ಸ್ನಾಯು ಸಕ್ಕರೆ ಹೀರುತ್ತದೆ, ಏನಾದರೂ ಜಗಿದರೆ ದವಡೆಯದು. ಚಳಿಯಾದರೆ ಕುತ್ತಿಗೆಯ ಬುಡದಲ್ಲಿ ಮೈ ಕಾಯಿಸಲೆಂದೇ ಇರುವ ಕಂದು ಕೊಬ್ಬು ಎಚ್ಚರಾಗಿ ಎರಡೂ ಹೆಗಲ ಮೇಲೆ ದೀಪ ಹಚ್ಚಿದಂತೆ ಕಾಣುತ್ತದೆ. ಮಿದುಳಿಗೆ ಯಾವಾಗಲೂ ಸಕ್ಕರೆಯೇ ಅನ್ನ. ಬಳಕೆಯಾಗದೆ ಉಳಿದದ್ದು ಮೂತ್ರದಲ್ಲಿ ಹೋಗುವುದರಿಂದ ಮೂತ್ರಕೋಶ ಹೊಳೆಯುತ್ತದೆ. ಸ್ಕ್ಯಾನಿಗೆ ಮುಂಚೆ ಬಚ್ಚಲಿಗೆ ಹೋಗಿಬನ್ನಿ ಎನ್ನುವುದು ಅದಕ್ಕೆ. ಸ್ಕ್ಯಾನ್ ಯಂತ್ರದಲ್ಲಿ ಮಲಗುವುದು ಕಾಲು ಗಂಟೆಯಿಂದ ಅರ್ಧ ಗಂಟೆ ಮಾತ್ರ. ಸಿದ್ಧತೆ ಕೆಟ್ಟರೆ ಅಷ್ಟೂ ವ್ಯರ್ಥ.

ಇನ್ನು ಒಳ್ಳೆಯ ಪ್ರಶ್ನೆ ಎಂದರೆ ಎಂಥದು? ಶ್ವಾಸಕೋಶದ ಕ್ಯಾನ್ಸರನ್ನೇ ತೆಗೆದುಕೊಳ್ಳೋಣ. ಬಯಾಪ್ಸಿಯಲ್ಲಿ ರೋಗ ಖಚಿತವಾಗಿದೆ, ಗಡ್ಡೆ ಒಂದೇ ಕಡೆ ಇರುವಂತೆ ಕಾಣುತ್ತದೆ, ಆಪರೇಷನ್ ಮಾಡಿ ತೆಗೆದುಬಿಡಬಹುದೇ? ಎದೆ ಕೊಯ್ದು ಶ್ವಾಸಕೋಶದ ಭಾಗ ತೆಗೆಯುವುದು ಸಣ್ಣ ಆಪರೇಷನ್ ಅಲ್ಲ. ತೆಗೆದ ಮೇಲೆ, ರೋಗ ಮೊದಲೇ ಮೂಳೆಗೋ ಎದೆಯ ನಡುವಿನ ದುಗ್ಧಗ್ರಂಥಿಗಳಿಗೋ ಹೋಗಿತ್ತೆಂದು ತಿಳಿದರೆ ರೋಗಿಗೆ ಉಳಿಯುವುದು ಗಾಯ ಮಾತ್ರ. ನೆದರ್‌ಲೆಂಡ್ಸ್‌ನ ಒಂಬತ್ತು ಆಸ್ಪತ್ರೆಗಳ 188 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಮಾಮೂಲಿ ಪರೀಕ್ಷೆಗಳಷ್ಟನ್ನೇ ಮಾಡಿಸಿಕೊಂಡವರಲ್ಲಿ ನೂರಕ್ಕೆ 41 ಮಂದಿಗೆ ಆಪರೇಷನ್ ಆಗಿಯೂ ಪ್ರಯೋಜನವಾಗಲಿಲ್ಲ. ಜೊತೆಗೆ ಪೆಟ್ ಕೂಡ ಮಾಡಿಸಿಕೊಂಡವರಲ್ಲಿ ಆ ಸಂಖ್ಯೆ 21. ಐದು ಜನರಿಗೆ ಸ್ಕ್ಯಾನ್ ಮಾಡಿದರೆ ಒಬ್ಬರ ಎದೆ ಸುಮ್ಮನೆ ಕೊಯ್ಯುವುದು ತಪ್ಪುತ್ತದೆ ಎಂದಾಯಿತು. ಅದೂ ಸಿಟಿಯೊಂದಿಗೆ ಕೂಡದ ಹಳೆಯ ಪೆಟ್ ಯಂತ್ರದಲ್ಲಿ. ಇಲ್ಲಿ ಸ್ಕ್ಯಾನ್ ಯಾರನ್ನೂ ಗುಣಪಡಿಸಲಿಲ್ಲ. ಗುಣಪಡಿಸದ ಆಪರೇಷನನ್ನು ತಡೆಯಿತು. ಅದೂ ಚಿಕಿತ್ಸೆಯೇ ಎಂದು ನನ್ನ ಲೆಕ್ಕ.

ಎರಡನೆಯ ಉದಾಹರಣೆ ಇದಕ್ಕಿಂತ ಸೊಗಸಾದದ್ದು. ಹಾಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಹೆಚ್ಚಾಗಿ ಪ್ರಾಯದವರಿಗೆ ಬರುವಂಥದು, ಬಹುಪಾಲು ಗುಣವಾಗುವಂಥದು. ಕೊಡುವ ಕಿಮೋದ ನಾಲ್ಕು ಔಷಧಗಳಲ್ಲಿ ಬ್ಲಿಯೊಮೈಸಿನ್ ಎಂಬ ಒಂದು ಶ್ವಾಸಕೋಶವನ್ನು ಕೆಡಿಸಬಲ್ಲದು. ಇಪ್ಪತ್ತೈದರ ಹುಡುಗನಿಗೆ ಕ್ಯಾನ್ಸರ್ ಹೋಗಿ ಏದುಸಿರು ಉಳಿದರೆ ಹೇಗೆ? ಎರಡು ಸುತ್ತು ಕಿಮೋ ಆದ ಮೇಲೆ ಸಿಟಿ ಮಾಡಿದರೆ ಗಡ್ಡೆ ಇನ್ನೂ ಅಲ್ಲೇ ಕಾಣುತ್ತದೆ, ಏಕೆಂದರೆ ಸತ್ತ ಗಡ್ಡೆಯ ನಾರು ಬೇಗ ಕರಗುವುದಿಲ್ಲ. ಸಿಟಿಗೆ ಬದುಕಿದ ಗಡ್ಡೆಯೂ ಒಂದೇ, ಸತ್ತ ಗಡ್ಡೆಯೂ ಒಂದೇ. ಪೆಟ್‌ಗೆ ಹಾಗಲ್ಲ, ಸತ್ತದ್ದು ಸಕ್ಕರೆ ತಿನ್ನುವುದಿಲ್ಲ. 1,200ಕ್ಕೂ ಹೆಚ್ಚು ರೋಗಿಗಳು ಸೇರಿಕೊಂಡ, 2016ರಲ್ಲಿ ಪ್ರಕಟವಾದ ‘ರಾಥಲ್’ ಎಂಬ ಅಧ್ಯಯನದಲ್ಲಿ ಎರಡು ಸುತ್ತಿನ ನಂತರ ಪೆಟ್ ಮಾಡಿ, ಹೊಳಪು ಆರಿದ್ದವರಲ್ಲಿ ಅರ್ಧ ಜನರಿಗೆ ಬ್ಲಿಯೊಮೈಸಿನ್ ನಿಲ್ಲಿಸಿದರು. ಮೂರು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ಔಷಧ ಮುಂದುವರಿಸಿದ ಗುಂಪಿನಲ್ಲಿ ನೂರಕ್ಕೆ 85.7, ನಿಲ್ಲಿಸಿದ ಗುಂಪಿನಲ್ಲಿ 84.4. ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು, ಶ್ವಾಸಕೋಶದ ತೊಂದರೆ ಮಾತ್ರ ಕಡಿಮೆ. ಹೊಳಪು ‘ಆರಿದೆ’ ಎನ್ನಲು ಅವರು ಬಳಸಿದ ಅಳತೆಯೂ ಸ್ವಾರಸ್ಯದ್ದು. 2009ರಲ್ಲಿ ಫ್ರಾನ್ಸಿನ ಡೋವಿಲ್ ಎಂಬ ಕಡಲತೀರದ ಪಟ್ಟಣದಲ್ಲಿ ಸೇರಿದ ತಜ್ಞರು ಐದು ಮೆಟ್ಟಿಲ ಮಾಪನವೊಂದನ್ನು ಒಪ್ಪಿಕೊಂಡರು. ಅದರಲ್ಲಿ ಗಡ್ಡೆಯ ಹೊಳಪನ್ನು ಅದೇ ರೋಗಿಯ ಲಿವರಿನ ಹೊಳಪಿಗೆ ಹೋಲಿಸಿ ನೋಡುತ್ತಾರೆ. ಯಂತ್ರ ಯಾವುದಾದರೂ ಇರಲಿ, ಮದ್ದು ಒಂದಿಷ್ಟು ಹೆಚ್ಚುಕಡಿಮೆಯಾಗಿರಲಿ, ತಕ್ಕಡಿಯ ಬಟ್ಟು ರೋಗಿಯ ಮೈಯೊಳಗೇ ಇದೆ. ಇದೇ ಬಗೆಯಲ್ಲಿ, ತಲೆ-ಕುತ್ತಿಗೆಯ ಕ್ಯಾನ್ಸರಿನ 564 ರೋಗಿಗಳನ್ನು ಬ್ರಿಟನ್ನಿನಲ್ಲಿ ಅಧ್ಯಯನ ಮಾಡಿದಾಗ, ಕಿಮೋ-ರೇಡಿಯೇಷನ್ ಮುಗಿದು ಹನ್ನೆರಡು ವಾರಕ್ಕೆ ಪೆಟ್-ಸಿಟಿ ಮಾಡಿ ಕಾದುನೋಡಿದ ಗುಂಪಿನಲ್ಲಿ 54 ಮಂದಿಗೆ ಮಾತ್ರ ಕುತ್ತಿಗೆಯ ಆಪರೇಷನ್ ಬೇಕಾಯಿತು. ಎಲ್ಲರಿಗೂ ಆಪರೇಷನ್ ಎಂದು ನಿಶ್ಚಯಿಸಿದ್ದ ಗುಂಪಿನಲ್ಲಿ 221 ಮಂದಿಗೆ ಆಯಿತು. ಬದುಕುಳಿದವರ ಪ್ರಮಾಣದಲ್ಲಿ ಕಾದುನೋಡಿದವರು ಹಿಂದೆ ಬೀಳಲಿಲ್ಲ. ಅಲ್ಲಿಯ ರೋಗಿಗಳಲ್ಲಿ ಹೆಚ್ಚಿನವರದು ವೈರಸ್ಸಿನಿಂದ ಬಂದ ಗಂಟಲಿನ ಕ್ಯಾನ್ಸರ್, ನಮ್ಮಲ್ಲಿ ಗುಟ್ಕಾ-ಹೊಗೆಸೊಪ್ಪಿನ ಬಾಯಿ ಕ್ಯಾನ್ಸರೇ ಹೆಚ್ಚು. ಆದ್ದರಿಂದ ಲೆಕ್ಕವನ್ನು ಇದ್ದಹಾಗೇ ಇಲ್ಲಿಗೆ ಹೊತ್ತು ತರುವುದು ಸರಿಯಲ್ಲ.

ಮೂರರಲ್ಲೂ ಒಂದು ಸಾಮ್ಯವಿದೆ. ರೋಗ ಏನೆಂದು ಮೊದಲೇ ಗೊತ್ತಿತ್ತು, ಇಲ್ಲವೇ ಬಲವಾದ ಅನುಮಾನವಿತ್ತು. ಉತ್ತರ ಹೌದು ಎಂದರೆ ಒಂದು ದಾರಿ, ಇಲ್ಲ ಎಂದರೆ ಇನ್ನೊಂದು ದಾರಿ ಎಂಬುದು ಸ್ಕ್ಯಾನಿಗೆ ಮುಂಚೆಯೇ ನಿರ್ಧಾರವಾಗಿತ್ತು. ಈ ಎರಡು ಷರತ್ತು ಬಿಟ್ಟುಹೋದಾಗ ಏನಾಗುತ್ತದೆ ಎನ್ನಲು ನಮ್ಮ ದೇಶಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಜಗತ್ತಿನ ಒಟ್ಟು ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವುದು ಭಾರತದಲ್ಲಿ. ಟಿಬಿ ರೋಗಾಣುವನ್ನು ಸುತ್ತುಗಟ್ಟಿ ಹೋರಾಡುವ ರಕ್ಷಣಾ ಕಣಗಳಿಗೂ ವಿಪರೀತ ಹಸಿವು. ಅವೂ ಎಫ್‌ಡಿಜಿಯನ್ನು ಗಬಗಬನೆ ತಿನ್ನುತ್ತವೆ. ಎದೆಯ ನಡುವೆ ಊದಿಕೊಂಡ, ಕೆಂಡದಂತೆ ಹೊಳೆಯುವ ಗ್ರಂಥಿಗಳು ಕ್ಯಾನ್ಸರ್ ಹಬ್ಬಿದ್ದರಿಂದ ಆಗಿರಬಹುದು, ಟಿಬಿಯಿಂದ ಆಗಿರಬಹುದು, ಸಾರ್ಕಾಯ್ಡೋಸಿಸ್ ಎಂಬ ಬೇರೆಯೇ ಕಾಯಿಲೆಯಿಂದಲೂ ಆಗಿರಬಹುದು. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡವರ ಕಂಕುಳ ಗ್ರಂಥಿಗಳು ಹೊಳೆದು, ಜಗತ್ತಿನಾದ್ಯಂತ ರೇಡಿಯಾಲಜಿಸ್ಟರು ‘ಲಸಿಕೆ ಯಾವ ತೋಳಿಗೆ, ಯಾವಾಗ?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು. ರಿಪೋರ್ಟಿನಲ್ಲಿ ‘ಎಸ್‌ಯುವಿ ಮ್ಯಾಕ್ಸ್’ ಎಂಬ ಅಂಕಿ ಇರುತ್ತದೆ. ಆ ಜಾಗ ಮೈಯ ಸರಾಸರಿಗಿಂತ ಎಷ್ಟು ಪಟ್ಟು ಹೆಚ್ಚು ಮದ್ದು ಎಳೆದುಕೊಂಡಿತು ಎಂಬುದರ ಲೆಕ್ಕ ಅದು. ಎರಡೂವರೆ ದಾಟಿದರೆ ಕ್ಯಾನ್ಸರ್ ಎಂಬ ಹಳೆಯ ಗೆರೆಯೊಂದು ಇಂದಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಟಿಬಿಯ ಗ್ರಂಥಿ ಅದನ್ನು ಆರಾಮಾಗಿ ದಾಟುತ್ತದೆ. ನಿಧಾನವಾಗಿ ಬೆಳೆಯುವ ಕೆಲವು ಕ್ಯಾನ್ಸರುಗಳು ದಾಟುವುದೇ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಈ ಕೆಂಡಗಳಿಗೂ ಸಲ್ಲುತ್ತದೆ.

ಇಲ್ಲಿಗೇ ಬಯಾಪ್ಸಿಯ ಭಯವೂ ಸೇರಿಕೊಳ್ಳುತ್ತದೆ. ‘ಗಡ್ಡೆಗೆ ಸೂಜಿ ತಾಗಿಸಿದರೆ ಕೆರಳಿ ಹರಡುತ್ತದೆ, ಅದರ ಬದಲು ಸ್ಕ್ಯಾನ್ ಮಾಡಿಸೋಣ’ ಎಂಬ ಮಾತು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಸೂಜಿಯ ದಾರಿಯಲ್ಲಿ ಜೀವಕೋಶಗಳು ಬೀಳುವ ಸಾಧ್ಯತೆ ಕೆಲವು ಬಗೆಯ ಗಡ್ಡೆಗಳಲ್ಲಿ ಉಂಟು, ಅಪರೂಪ. ಅಂಥ ಕಡೆ ಶಸ್ತ್ರಚಿಕಿತ್ಸಕರು ಸೂಜಿ ಹೋದ ದಾರಿಯನ್ನೂ ಸೇರಿಸಿ ತೆಗೆಯುವಂತೆ, ಇಲ್ಲವೇ ಸೂಜಿಯೇ ಬೇಡವಾಗುವಂತೆ ಯೋಜನೆ ಮಾಡಿಕೊಳ್ಳುತ್ತಾರೆ. ಉಳಿದಂತೆ ಬಯಾಪ್ಸಿ ಇಲ್ಲದೆ ಕಿಮೋ ಶುರುಮಾಡುವುದೆಂದರೆ ಹೆಸರು ಕೇಳದೆ ಕೈಕೋಳ ಹಾಕಿದ ಹಾಗೆ. ಟಿಬಿಯವರಿಗೆ ಕಿಮೋ ಕೊಟ್ಟರೆ ರೋಗನಿರೋಧಕ ಶಕ್ತಿ ಕುಸಿದು ಟಿಬಿ ಉಲ್ಬಣಿಸುತ್ತದೆ. ಪೆಟ್-ಸಿಟಿ ಬಯಾಪ್ಸಿಯ ಜಾಗ ತುಂಬಲಾರದು. ಆದರೆ ಎಲ್ಲಿಂದ ತುಣುಕು ತೆಗೆದರೆ ಉತ್ತರ ಸಿಗುತ್ತದೆ ಎಂದು ಬೆರಳು ಮಾಡಿ ತೋರಿಸಬಲ್ಲದು. ಸತ್ತ ಭಾಗದಿಂದ ತೆಗೆದ ತುಣುಕಿನಲ್ಲಿ ಏನೂ ಸಿಗದೆ ಎರಡನೆಯ ಬಾರಿ ಚುಚ್ಚಿಸಿಕೊಳ್ಳುವುದು ಆಗ ತಪ್ಪುತ್ತದೆ.

ಹೊಳೆಯದಿರುವುದರ ಕಥೆಯೂ ಇದೆ, ಚುಟುಕಾಗಿ ಹೇಳಬಹುದು. ಎಂಟು ಮಿಲಿಮೀಟರಿಗಿಂತ ಸಣ್ಣ ಗಂಟು ಎಫ್‌ಡಿಜಿ ಪೆಟ್‌ನ ಕಣ್ತಪ್ಪುವುದು ಸಾಮಾನ್ಯ. ಲೋಳೆ ತುಂಬಿದ ಗಡ್ಡೆಗಳು, ಹೊಟ್ಟೆಯ ಕೆಲವು ಕ್ಯಾನ್ಸರುಗಳು, ಲಿವರಿನ ಮತ್ತು ಮೂತ್ರಪಿಂಡದ ಹಲವು ಗಡ್ಡೆಗಳು ಸಕ್ಕರೆಗೆ ಅಷ್ಟು ಆಸೆ ಪಡುವುದಿಲ್ಲ. ಮಿದುಳಿಗೆ ಹರಡಿದ್ದನ್ನು ಮಿದುಳಿನದೇ ಹೊಳಪು ಮುಚ್ಚಿಬಿಡುತ್ತದೆ, ಅದಕ್ಕೆ ಎಂಆರ್‌ಐ ಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಬಹಳ ಮಟ್ಟಿಗೆ ಸಕ್ಕರೆಗೆ ಒಲ್ಲದ್ದು. ಅದಕ್ಕೆ ಆ ಜೀವಕೋಶಗಳ ಮೈಮೇಲಿನ ಪಿಎಸ್‌ಎಂಎ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಬೇರೆ ಮದ್ದು ಬಳಸುತ್ತಾರೆ. ಆಸ್ಟ್ರೇಲಿಯಾದಲ್ಲಿ 302 ಗಂಡಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಸ್ಕ್ಯಾನಿನ ನಿಖರತೆ ನೂರಕ್ಕೆ 92, ಹಳೆಯ ಸಿಟಿ ಮತ್ತು ಮೂಳೆ ಸ್ಕ್ಯಾನುಗಳದು ಸೇರಿ 65. ಅಂದರೆ ‘ಪೆಟ್ ಮಾಡಿಸಿ’ ಎಂದಾಗ ‘ಯಾವ ಮದ್ದಿನ ಪೆಟ್?’ ಎಂಬುದೂ ಪ್ರಶ್ನೆಯ ಭಾಗವೇ.

ಈ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಮಾತೊಂದಿದೆ. ಕ್ಯಾನ್ಸರ್ ಬೇಗ ಸಿಕ್ಕಿದಷ್ಟೂ ಒಳ್ಳೆಯದು ಎನ್ನುತ್ತೀರಿ, ಹಾಗಾದರೆ ಕೈಯಲ್ಲಿ ದುಡ್ಡಿರುವ ಆರೋಗ್ಯವಂತ ಐವತ್ತು ದಾಟಿದವರು ವರ್ಷಕ್ಕೊಮ್ಮೆ ಇಡೀ ಮೈ ಸ್ಕ್ಯಾನ್ ಮಾಡಿಸಿದರೆ ತಪ್ಪೇನು? ಇದನ್ನು ನಿಜವಾಗಿ ಮಾಡಿ ನೋಡಿದ ದೇಶ ಜಪಾನ್. ಅಲ್ಲಿ 1990ರ ದಶಕದಿಂದಲೇ ಆರೋಗ್ಯವಂತರಿಗೆ ಪೆಟ್ ತಪಾಸಣೆ ನಡೆಯುತ್ತಿದೆ. 2006ರಿಂದ 2009ರವರೆಗೆ ಹೀಗೆ ಪರೀಕ್ಷೆ ಮಾಡಿಸಿಕೊಂಡ ಸುಮಾರು ಒಂದೂವರೆ ಲಕ್ಷ ಜನರ ಸಮೀಕ್ಷೆಯಲ್ಲಿ ನೂರಕ್ಕೆ ಹತ್ತಿರಹತ್ತಿರ ಹನ್ನೊಂದು ಮಂದಿಗೆ ‘ಅನುಮಾನ ಇದೆ’ ಎಂದು ಹೇಳಲಾಯಿತು. ಕ್ಯಾನ್ಸರ್ ಎಂದು ಖಚಿತವಾದದ್ದು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಉಳಿದವರು ಸೂಜಿ, ಎಂಡೋಸ್ಕೋಪಿ, ಮತ್ತೊಂದು ಸ್ಕ್ಯಾನ್ ಎಂದು ಅಲೆದು ಕೊನೆಗೆ ಏನೂ ಇಲ್ಲ ಎನಿಸಿಕೊಂಡವರು. ‘ಆದರೇನು, ಆ ಒಬ್ಬರ ಜೀವ ಉಳಿಯಿತಲ್ಲ’ ಎನ್ನಬಹುದು. ಉಳಿಯಿತೇ ಎಂಬುದೇ ಕೇಳಬೇಕಾದದ್ದು. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡನ್ನು ಅಲ್ಟ್ರಾಸೌಂಡಿನಲ್ಲಿ ಹುಡುಕುವುದು ಚಾಲ್ತಿಗೆ ಬಂದ ಮೇಲೆ 2011ರ ಹೊತ್ತಿಗೆ ಆ ಕ್ಯಾನ್ಸರಿನ ಪತ್ತೆ 1993ರ ಹದಿನೈದು ಪಟ್ಟಾಯಿತು. ಅದರಿಂದ ಸಾಯುವವರ ಸಂಖ್ಯೆ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದಿದ್ದ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಬಾಳಿನುದ್ದಕ್ಕೂ ಮಾತ್ರೆ ನುಂಗುವವರಾದರು. ಬೇಗ ಸಿಕ್ಕಿತು ಎಂಬುದು ಬೇರೆ, ಬೇಗ ಸಿಕ್ಕಿದ್ದರಿಂದ ಬದುಕಿದರು ಎಂಬುದು ಬೇರೆ.

ತಪಾಸಣೆಯೇ ಬೇಡ ಎಂದು ಇದರರ್ಥ ಮಾಡಿಕೊಂಡರೆ ಇನ್ನೊಂದು ತಪ್ಪಿಗೆ ಬಿದ್ದಂತೆ. ದಿನಕ್ಕೊಂದು ಪ್ಯಾಕಿನಂತೆ ಮೂವತ್ತು ವರ್ಷಕ್ಕೆ ಸಮನಾಗುವಷ್ಟು ಸಿಗರೇಟು ಸೇದಿದವರಿಗೆ ಕಡಿಮೆ ವಿಕಿರಣದ ಎದೆಯ ಸಿಟಿ ಮಾಡುವುದರಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ನೂರಕ್ಕೆ 20ರಷ್ಟು ಇಳಿಯಿತೆಂದು ಅಮೆರಿಕದಲ್ಲಿ 53 ಸಾವಿರ ಜನರ ಅಧ್ಯಯನ 2011ರಲ್ಲಿ ತೋರಿಸಿತು. ಅದೇ ಅಧ್ಯಯನದಲ್ಲಿ ಅನುಮಾನ ಹುಟ್ಟಿಸಿದ ಫಲಿತಾಂಶಗಳಲ್ಲಿ ನೂರಕ್ಕೆ 96 ಹುಸಿಯಾಗಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಅಪಾಯ ಅಷ್ಟು ಹೆಚ್ಚಿರುವ ಗುಂಪಿನಲ್ಲಿ ಮಾತ್ರ ಆ ಬೆಲೆ ತೆರಬಹುದು. ನಮ್ಮ ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ, ಬಾಯಿ ತೆರೆಸಿ, ಬರಿಗಣ್ಣಿನಿಂದ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು. ಮುಂಬೈಯ ಕೊಳೆಗೇರಿಗಳಲ್ಲಿ ಗರ್ಭಕೊರಳಿಗೆ ವಿನೆಗರಿನ ಆಮ್ಲ ಸವರಿ ನೋಡುವ ಪರೀಕ್ಷೆಯಿಂದ ಆ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರ ಆರೋಗ್ಯವಂತರ ವಿಷಯದಲ್ಲಿ ತೋರಿಸಲಾಗದ ಫಲವನ್ನು ಬರಿಗಣ್ಣು ಮತ್ತು ಹುಳಿನೀರು ತೋರಿಸಿವೆ. ಹೊಗೆಸೊಪ್ಪು ಹಾಕುವ ಮಾವನವರನ್ನು ಹಬ್ಬದ ರಿಯಾಯಿತಿಯ ‘ಫುಲ್ ಬಾಡಿ’ ಪ್ಯಾಕೇಜಿಗೆ ಕರೆದೊಯ್ಯುವ ಅಳಿಯ, ಮೊದಲು ಒಬ್ಬ ದಂತವೈದ್ಯರ ಮುಂದೆ ಅವರ ಬಾಯಿ ತೆರೆಸಿದರೆ ಹೆಚ್ಚು ಉಪಕಾರ ಮಾಡಿದಂತೆ.

ಎದುರು ದಿಕ್ಕಿನಿಂದ ಬರುವ ಆಕ್ಷೇಪವೂ ಇದೆ: ‘ಹಾಗಾದರೆ ಇದೆಲ್ಲ ಆಸ್ಪತ್ರೆಯವರ ದುಡ್ಡಿನ ದಂಧೆ, ವಿಕಿರಣ ಬೇರೆ.’ ಹತ್ತಿಪ್ಪತ್ತು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ, ಬೇಡದ ಕಡೆ ಬರೆಯುವವರು ಇಲ್ಲವೆಂದೂ ಹೇಳಲಾರೆ. ಆದರೆ ಪ್ರಯೋಜನವಿಲ್ಲದ ಎದೆ ಆಪರೇಷನ್ನಿಗೆ ಆಗುವ ಖರ್ಚನ್ನೂ, ಅದರ ನೋವನ್ನೂ ಎದುರಿಗಿಟ್ಟರೆ ಸ್ಕ್ಯಾನೇ ಅಗ್ಗ. ವಿಕಿರಣದ ಲೆಕ್ಕವೂ ಹಾಗೆಯೇ. ನಿಸರ್ಗದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತದೆ. ಪೆಟ್-ಸಿಟಿಯಲ್ಲಿ ಸಕ್ಕರೆಯಿಂದ ಸುಮಾರು 7, ಸಿಟಿಯ ಪಾಲು ಅದರ ಬಗೆಯನ್ನು ಅವಲಂಬಿಸಿ, ಎಲ್ಲ ಸೇರಿ 10ರಿಂದ 25. ಕ್ಯಾನ್ಸರ್ ಇರುವವರ ಮಟ್ಟಿಗೆ ಇದು ಗಣನೆಗೆ ಬಾರದ ಅಪಾಯ. ರೋಗವೇ ಇಲ್ಲದವರು ವರ್ಷವರ್ಷ ತೆಗೆದುಕೊಂಡರೆ ಗಣನೆಗೆ ಬರುತ್ತದೆ. ಸ್ಕ್ಯಾನ್ ಆದ ದಿನ ಕೆಲವು ಗಂಟೆ ಗರ್ಭಿಣಿಯರಿಂದ, ಎಳೆಮಕ್ಕಳಿಂದ ದೂರವಿರಿ ಎನ್ನುತ್ತಾರೆ. ಮಾರನೆಯ ದಿನದ ಹೊತ್ತಿಗೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಇದೇ ಸ್ಕ್ಯಾನಿನಿಂದ ಹುಟ್ಟಿದ ಇನ್ನೊಂದು ನಂಬಿಕೆಯನ್ನೂ ಇಲ್ಲೇ ಇಳಿಸಿಬಿಡಬಹುದು. ಕ್ಯಾನ್ಸರ್ ಸಕ್ಕರೆ ತಿನ್ನುತ್ತದಾದ್ದರಿಂದ ರೋಗಿಗೆ ಅನ್ನ, ಹಣ್ಣು, ಬೆಲ್ಲ ಬಿಡಿಸಿ ಗಡ್ಡೆಯನ್ನು ಉಪವಾಸ ಕೆಡವಬಹುದು ಎಂಬುದು. ಅದೇ ಚಿತ್ರದಲ್ಲಿ ಗಡ್ಡೆಗಿಂತ ಪ್ರಖರವಾಗಿ ಹೊಳೆಯುವ ಮಿದುಳಿದೆ. ಊಟ ಬಿಟ್ಟರೆ ಲಿವರ್ ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸೊರಗುವುದು ಗಡ್ಡೆಗಿಂತ ಮೊದಲು ರೋಗಿ, ಕಿಮೋ ತಡೆದುಕೊಳ್ಳಬೇಕಾದ ಹೊತ್ತಿನಲ್ಲೇ.

ಚಿಕಿತ್ಸೆ ಮುಗಿದ ಮೇಲೆ ಬರುವ ತುಡಿತ ಬೇರೆ ತರಹದ್ದು: ‘ಪೂರ್ತಿ ಹೋಯಿತಾ, ಒಂದು ಸಲ ನೋಡಿಬಿಡಿ ಡಾಕ್ಟ್ರೇ.’ ಬೇಗ ನೋಡಿದರೆ ಕಾಣುವುದು ಗಾಯ. ರೇಡಿಯೇಷನ್ನಿನಿಂದ ಬೆಂದ ಅಂಗಾಂಶ ತಿಂಗಳುಗಟ್ಟಲೆ ಸಕ್ಕರೆ ಎಳೆಯುತ್ತದೆ. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಮೂಳೆಯ ಮಜ್ಜೆ ಉದ್ದಕ್ಕೂ ಬೆಳಗುತ್ತದೆ. ಕಿಮೋ ಆದ ಮೇಲೆ ಕೆಲವು ವಾರ, ತಲೆ-ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ ಹನ್ನೆರಡು ವಾರ ಕಾಯಿಸುವುದು ಇದರಿಂದಾಗಿ. ಲಿಂಫೋಮಾ ಪೂರ್ತಿ ಗುಣವಾದವರಿಗೆ ಲಕ್ಷಣ ಏನೂ ಇಲ್ಲದೆ ಮೂರು ತಿಂಗಳಿಗೊಮ್ಮೆ ಪೆಟ್ ಮಾಡಿಸುತ್ತ ಹೋಗುವುದನ್ನು ಆ ಕ್ಯಾನ್ಸರಿಗೆಂದು ತಜ್ಞರು ರೂಪಿಸಿದ 2014ರ ಲುಗಾನೋ ಮಾರ್ಗಸೂಚಿ ಒಪ್ಪುವುದಿಲ್ಲ. ಮಾಡಿಸಬೇಕಾಗಿ ಬಂದಾಗ ಸಾಧ್ಯವಾದರೆ ಹಿಂದಿನದೇ ಸೆಂಟರ್, ಹಿಂದಿನದೇ ಯಂತ್ರ ಒಳ್ಳೆಯದು, ಇಂಜೆಕ್ಷನ್ನಿಗೂ ಸ್ಕ್ಯಾನಿಗೂ ನಡುವೆ ಬಿಟ್ಟ ಹೊತ್ತೂ ಅಷ್ಟೇ ಇರಬೇಕು. ಒಂದು ಗಂಟೆಗೆ ತೆಗೆದ ಅಂಕಿಯನ್ನು ಎರಡು ಗಂಟೆಗೆ ತೆಗೆದ ಅಂಕಿಯ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎನ್ನಲಾಗದು. ಲಕೋಟೆಯೊಳಗಿನ ಹೊಳಪು ಕಾಗದವನ್ನು ಜೋಪಾನವಾಗಿ ಬೀರುವಿನಲ್ಲಿಟ್ಟು ಸಿ.ಡಿ.ಯನ್ನು ಮಕ್ಕಳ ಕೈಗೆ ಕೊಟ್ಟುಬಿಡುವ ಮನೆಗಳೂ ಇವೆ. ಮುಂದಿನ ಸಲ ರೇಡಿಯಾಲಜಿಸ್ಟರು ಮೊದಲು ಕೇಳುವುದು ಆ ಸಿ.ಡಿ.ಯನ್ನೇ.